ಮಧ್ಯಾಹ್ನದ ಸಂಬಳ

ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷದ ಮಾತು. ಶಾಲೆ ವಿಜಯನಗರದಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಚಿಕ್ಕ ಮಕ್ಕಳನ್ನು ಮಧ್ಯಾಹ್ನದ ಹೊತ್ತಿಗೆ ಬಿಟ್ಟುಬಿಡುತ್ತಿದ್ದರು. ಗೇಟಿನ ಮುಂದೆ ಕಾಯುವ ನಮ್ಮಂಥ ತಾಯಂದಿರದ್ದೇ ಒಂದು ಗುಂಪು. ಬಿಸಿಲು ಏರಿದಂತೆ ಎಲ್ಲರೂ ಎದುರಿನ ಹೊಂಗೆ ಮರದ ನೆರಳಿಗೆ ಸರಿಯುತ್ತಾ, ಸರಿಯುತ್ತಾ ಮಾತಾಡುತ್ತಿದ್ದೆವು.

ನನ್ನ ಮಗನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯ ತಾಯಿ ಮಾತ್ರ ಆ ಗುಂಪಿನಲ್ಲಿ ಇರುತ್ತಿರಲಿಲ್ಲ. ಆಕೆ ಸಿಟಿ ಬಸ್ಸಿನ ಕಂಡಕ್ಟರ್. ಗದಗದ ಕಡೆಯವರು. ಗಂಡನಿಗೆ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಮಗಳನ್ನು ಕರೆದೊಯ್ಯಲು ಆಕೆಯ ತಂಗಿ ಬರುತ್ತಿದ್ದಳು. ಆಗಸ್ಟ್ ಹೊತ್ತಿಗೆ ತಂಗಿಗೆ ಮದುವೆಯಾಯಿತು, ಹುಬ್ಬಳ್ಳಿಗೆ ಹೋದಳು. ಆಮೇಲೆ ಒಂದು ದಿನ ಎಲ್ಲ ಮಕ್ಕಳೂ ಹೋದ ಮೇಲೂ ಆ ಹುಡುಗಿ ಗೇಟಿನ ಒಳಗೆ ಬ್ಯಾಗು ತಬ್ಬಿಕೊಂಡು ನಿಂತಿದ್ದಳು. ಬಿಟ್ಟು ಹೋಗಲು ಮನಸ್ಸಾಗದೆ ನಾನೂ ನಿಂತೆ. ಸುಮಾರು ಹೊತ್ತಾದ ಮೇಲೆ ಖಾಕಿ ಬಟ್ಟೆಯಲ್ಲೇ ಅವಳ ತಾಯಿ ಓಡಿ ಬಂದರು. ಉಳಿದಿದ್ದ ಕೊನೆಯ ಅರ್ಧ ದಿನ ರಜೆ ಹಾಕಿ ಬಂದಿದ್ದರಂತೆ. ತಂಗಿಯ ಮದುವೆಗೆ ಇದ್ದ ರಜೆಯೆಲ್ಲ ಮುಗಿದಿದೆ, ನಾಳೆ ಏನು ಮಾಡುವುದೋ ಗೊತ್ತಿಲ್ಲ ಎಂದರು. ಮುಖದ ಬೆವರು ಒರೆಸಿಕೊಳ್ಳುತ್ತಿದ್ದರೋ ಕಣ್ಣೀರು ಒರೆಸಿಕೊಳ್ಳುತ್ತಿದ್ದರೋ ನನಗೆ ತಿಳಿಯಲಿಲ್ಲ.

"ಎರಡು ದಿನ ನಮ್ಮನೇಲಿ ಇರ್ಲಿ ಬಿಡಿ. ಇವನ ಜೊತೇಲಿ ಆಡ್ಕೊಂಡಿರ್ತಾಳೆ," ಅಂದೆ. ಯೋಚನೆ ಮಾಡಿ ಆಡಿದ ಮಾತಲ್ಲ ಅದು. ಬಾಯಿಗೆ ಬಂತು, ಅಂದೆ.

ಎರಡು ದಿನ ಒಂದು ವಾರವಾಯಿತು, ವಾರ ತಿಂಗಳಾಯಿತು. ಬೇರೆ ಏರ್ಪಾಟು ಆಕೆಗೆ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಸಿಗಲಿ ಎಂದು ನನಗೂ ಅನ್ನಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಆ ಹುಡುಗಿ ನಮ್ಮ ಮನೆಯನ್ನು ಬಸ್ಸು ಮಾಡಿಬಿಟ್ಟಿದ್ದಳು.

ಮೊದಲ ಎರಡು ಮೂರು ದಿನ ಅವಳು ಬಾಯಿ ಬಿಟ್ಟಿರಲಿಲ್ಲ. ಕೊಟ್ಟದ್ದು ತಿಂದು, ತಟ್ಟೆ ತೊಳೆಯಲು ಹೋಗಿ, ಬೇಡ ಎಂದರೆ ಗೋಡೆಗೆ ಒರಗಿ ಕೂರುತ್ತಿದ್ದಳು. ಆಮೇಲೊಂದು ಮಧ್ಯಾಹ್ನ ನಮ್ಮ ಅತ್ತೆ ನಡುಮನೆಯಲ್ಲಿ ಕಾಲು ಚಾಚಿ ಕೂತು ಟೀವಿ ನೋಡುತ್ತಿದ್ದಾಗ ಅವರ ಎದುರಿಗೆ ಬಂದು ನಿಂತು, "ಅಜ್ಜಿ, ಒಳಗ ಸರೀರಿ, ಹಿಂದ ಜಾಗ ಐತಿ," ಎಂದಳಂತೆ. ಊಟದ ಮನೆಯ ಕುರ್ಚಿಗಳು ಒಂದರ ಹಿಂದೆ ಒಂದು ಬಂದು ನಿಂತವು. ನನ್ನ ಮಗ ಡ್ರೈವರ್. ಅವನ ಕೈಯಲ್ಲಿ ಸ್ಟೀಲ್ ತಟ್ಟೆಯ ಸ್ಟೀರಿಂಗ್. ಸುಂಕದಕಟ್ಟೆಯಿಂದ ಹೊರಟ ಬಸ್ಸು ನಮ್ಮ ಅಡುಗೆಮನೆ ದಾಟಿ ಕೆಂಗೇರಿ ತಲುಪುವಷ್ಟರಲ್ಲಿ ಸ್ಟಾಪುಗಳ ಹೆಸರು ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿರುತ್ತಿತ್ತು. ಅತ್ತೆ ಎದ್ದು ನೀರು ಕುಡಿಯಲು ಹೋದರೆ, ಬಸ್ಸು ನಿಲ್ಲದೆ ಇಳಿಯಬಾರದು ಎಂದು ಗದರುತ್ತಿದ್ದಳು. ಅತ್ತೆಗೆ ಗದರಿದವರನ್ನು ನಮ್ಮ ಮನೆಯಲ್ಲಿ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವರಿಗೆ ಅದು ಬಹಳ ಹಿಡಿಸಿತು.

ದುಡ್ಡಿನ ಮಾತು ಆ ತಿಂಗಳಲ್ಲೇ ಬಂತು. ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದ ಕಂಡಕ್ಟರ್ ಬಾಗಿಲಲ್ಲೇ ನಿಂತು, ಏನು ಕೊಡಲಿ ಹೇಳಿ ಎಂದು ಕೇಳಿದರು. ನಾನು ಕೈ ಆಡಿಸಿ, "ಅಯ್ಯೋ ಬಿಡಿ, ಅದಕ್ಕೆಲ್ಲಾ ದುಡ್ಡಾ?" ಅಂದೆ. ನಮ್ಮ ಕಡೆ ಹೀಗೆ ಅನ್ನುವುದು ವಾಡಿಕೆ. ಅತಿಥಿ ಕಾಫಿ ಬೇಡ ಅಂದ ಹಾಗೆ. ಎರಡನೇ ಸಲ ಕೇಳಿದರೆ ನೋಡೋಣ ಎಂದು ಒಳಗೊಳಗೇ ಇತ್ತೋ ಏನೋ. ಆಕೆ ಎರಡನೇ ಸಲ ಕೇಳಲಿಲ್ಲ. ಮರುದಿನ ಒಂದು ಡಬ್ಬಿ ತಂದರು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ಡಬ್ಬಿಯನ್ನು ಖಾಲಿ ಕಳಿಸುವುದು ಹೇಗೆ? ಕೋಡುಬಳೆ ಹಾಕಿ ಕಳಿಸಿದೆ. ಅದು ಎಣ್ಣೆಗಾಯಿ ತುಂಬಿಕೊಂಡು ಬಂತು. ನಾನು ಹೆಸರುಬೇಳೆ ಪಾಯಸ ಕಳಿಸಿದೆ. ಕರದಂಟು ಬಂತು. ದಸರಾ ಹೊತ್ತಿಗೆ ಅದು ಡಬ್ಬಿಯ ಮಟ್ಟ ಮೀರಿ ಸೀರೆಯ ಮಟ್ಟಕ್ಕೆ ಏರಿತು. ಆಕೆ ನನಗೊಂದು ಇಳಕಲ್ ಸೀರೆ ತಂದುಕೊಟ್ಟರು. ನನ್ನ ಗಂಡ ಮಾಗಡಿ ರೋಡಿನ ಒಂದು ಪ್ಲೈವುಡ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸೀರೆ ನೋಡಿ ಅವರು, ಹೀಗೇ ಆದರೆ ಸಂಕ್ರಾಂತಿಗೆ ನಾವು ಅವರಿಗೆ ಫ್ರಿಜ್ ಕೊಡಿಸಬೇಕಾಗುತ್ತದೆ ಎಂದರು. ನಾನು ನಕ್ಕೆ. ಆದರೆ ಅವರು ತಮಾಷೆಯಲ್ಲಿ ಹೇಳಿದ್ದು ನಿಜವೇ ಆಗಿತ್ತು. ಇಬ್ಬರೂ ಋಣ ತೀರಿಸಲು ಹೋಗಿ ಇನ್ನಷ್ಟು ಹೊರಿಸಿಕೊಳ್ಳುತ್ತಿದ್ದೆವು.

ಇನ್ನೊಂದು ಸಂಗತಿ ಇತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ಮಗ ಊಟ ಮಾಡಿ ಮಲಗಿದ ಮೇಲಿನ ಎರಡು ಗಂಟೆ ನನ್ನ ಮೆಷಿನ್ನಿನ ಹೊತ್ತು. ಮನೆಯಲ್ಲಿ ಬಸ್ಸು ಓಡಲು ಶುರುವಾದ ಮೇಲೆ ಮಲಗುವವರು ಯಾರು? ಹೊಲಿಗೆ ಹಿಂದೆ ಬಿತ್ತು. ಹಬ್ಬದ ಬ್ಲೌಸ್ ಹಬ್ಬ ಮುಗಿದ ಮೇಲೆ ಕೊಟ್ಟಿದ್ದಕ್ಕೆ ಇಬ್ಬರು ಹಳೇ ಗಿರಾಕಿಗಳು ಮಾರ್ಕೆಟ್ ರಸ್ತೆಯ ಟೈಲರ್ ಹತ್ತಿರ ಹೋದರು. ಆ ದುಡ್ಡಿನಲ್ಲಿ ನಾನು ಮನೆ ನಡೆಸುತ್ತಿರಲಿಲ್ಲ. ಆದರೆ ನನಗೊಂದು ಚಪ್ಪಲಿಗೆ, ನಮ್ಮಮ್ಮನಿಗೊಂದು ಮಾತ್ರೆಗೆ ಗಂಡನ ಮುಂದೆ ಕೈಚಾಚದೆ ಇರುತ್ತಿದ್ದೆ. ಅದು ನಿಂತದ್ದು ನನಗೆ ತಿಳಿಯುತ್ತಿತ್ತು. ಅದನ್ನು ಕಂಡಕ್ಟರ್ ಹತ್ತಿರ ಹೇಳುವುದು ಹೇಗೆ? ಬೇಡ ಅಂದವಳೇ ನಾನು.

ಇದನ್ನೆಲ್ಲ ಮುರಿದದ್ದು ಮಕ್ಕಳ ಒಂದು ಜಗಳ.

ಅವತ್ತು ನವೆಂಬರಿನ ಒಂದು ಮಧ್ಯಾಹ್ನ. ನನ್ನ ಮಗನಿಗೆ ಡ್ರೈವರ್ ಆಗಿ ಆಗಿ ಸಾಕಾಗಿತ್ತು. ತಾನು ಕಂಡಕ್ಟರ್ ಆಗಬೇಕು ಎಂದ. ಅವಳು ಬಿಟ್ಟುಕೊಡಲಿಲ್ಲ. ಅವಳ ಅಮ್ಮ ಕಂಡಕ್ಟರ್, ಆದ್ದರಿಂದ ಅವಳೂ ಕಂಡಕ್ಟರ್, ಅವಳ ಪ್ರಕಾರ ಅದರಲ್ಲಿ ಮಾತಾಡಲು ಏನೂ ಇರಲಿಲ್ಲ. ನಾನು ಒಳಗೆ ಹಾಲು ಕಾಯಿಸುತ್ತಿದ್ದೆ. ಮಗನ ಗಂಟಲು ಕೇಳಿಸಿತು.

"ಇದು ನಮ್ಮನೆ. ನೀನು ಪುಕ್ಕಟೆ ಬರೋದು."

ನಾನು ಹೊರಗೆ ಬರುವಷ್ಟರಲ್ಲಿ ಅವಳು ಕುರ್ಚಿಗಳನ್ನು ಒಂದೊಂದಾಗಿ ಎಳೆದು ಮೊದಲಿದ್ದ ಜಾಗದಲ್ಲಿ ಇಡುತ್ತಿದ್ದಳು. ಅಳಲಿಲ್ಲ. ಕುರ್ಚಿ ಇಟ್ಟಾದ ಮೇಲೆ ಶೂ ಹಾಕಿಕೊಂಡು, ಬ್ಯಾಗು ಬೆನ್ನಿಗೇರಿಸಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ನಾನು ಕರೆದೆ. ಅತ್ತೆ ಕರೆದರು. "ನಮ್ಮವ್ವ ಬರೂತನಕ ಇಲ್ಲೇ ಇರ್ತೀನ್ರಿ," ಎಂದಳು. ಆ 'ರೀ' ವಾಪಸ್ ಬಂದಿತ್ತು. ಮೊದಮೊದಲು ಹೀಗೇ ಮಾತಾಡುತ್ತಿದ್ದಳು. ಆಮೇಲಾಮೇಲೆ ನನಗೆ ಏಕವಚನವೇ ಆಗಿತ್ತು.

ಮಗನಿಗೆ ಆ ಮಾತು ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಅತ್ತೆ ಫೋನಿನಲ್ಲಿ ಕುಣಿಗಲ್ಲಿನ ತಮ್ಮ ಅಕ್ಕನ ಹತ್ತಿರ ನನ್ನನ್ನು ಹೊಗಳಿದ್ದರು. ನಮ್ಮ ಸೊಸೆಯ ಮನಸ್ಸು ನೋಡು, ಆ ಮಗುವನ್ನು ಪುಕ್ಕಟೆ ನೋಡಿಕೊಳ್ಳುತ್ತಾಳೆ, ಒಂದು ಪೈಸೆ ಮುಟ್ಟುವುದಿಲ್ಲ ಎಂದು. ಹೊಗಳಿಕೆಗೆ ಬಳಸಿದ ಮಾತು ಹುಡುಗನ ಬಾಯಲ್ಲಿ ಹಾಗಾಗಿತ್ತು. ಅತ್ತೆ ಅವತ್ತು ಸಂಜೆ ಕಾಫಿಯನ್ನೂ ಕುಡಿಯಲಿಲ್ಲ.

ನಾನು ಅವಳ ಪಕ್ಕದಲ್ಲಿ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಮಗ ಬಂದು ಎರಡು ಮೆಟ್ಟಿಲು ಕೆಳಗೆ ಕೂತ. ಕಡೆಗೆ ಅತ್ತೆಯೂ ಮೊಣಕಾಲು ಹಿಡಿದುಕೊಂಡು ಬಂದು ಮೇಲಿನ ಮೆಟ್ಟಿಲ ಮೇಲೆ ಕೂತರು. ಹಾಲು ಅಲ್ಲಿಗೇ ತಂದೆ. ಕೆಳಗಿನ ಮನೆಯವರು, ಏನ್ರೀ ಎಲ್ಲಾರೂ ಹೊರಗೆ ಕೂತಿದ್ದೀರಿ, ಕರೆಂಟ್ ಹೋಯ್ತಾ ಎಂದು ಕೇಳಿದರು.

ಕಂಡಕ್ಟರ್ ಬಂದಾಗ ನಾನು ಮುಚ್ಚಿಡದೆ ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಹೆಗಲಿನ ಬ್ಯಾಗು ಇಳಿಸಿ, ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, ಅವರೂ ಅಲ್ಲೇ ಕೂತರು.

"ನೋಡ್ರಿ ಅಕ್ಕಾರ," ಎಂದರು, "ಈಗ ಹೆಣ್ಮಕ್ಕಳಿಗೆ ಬಸ್ ಫ್ರೀ ಐತಿ. ಆದ್ರೂ ನಾ ಟಿಕೆಟ್ ಕೊಡದ ಬಿಡೂದಿಲ್ಲ. ಸೊನ್ನೆ ಅಂತ ಬರ್ದಿದ್ರೂ ಅದು ಟಿಕೆಟ್ಟ. ಆ ರೊಕ್ಕ ಯಾರರ ಒಬ್ರು ಕಟ್ಟೇ ಕಟ್ತಾರ. ಟಿಕೆಟ್ ಇದ್ದಾಕಿ ಸೀಟಿನ್ಯಾಗ ಹೆಂಗ ಕುಂದರ್ತಾಳ, ಇಲ್ಲದಾಕಿ ಹೆಂಗ ಕುಂದರ್ತಾಳ, ನಾ ದಿನಾ ನೋಡ್ತೀನಿ. ನನ್ನ ಮಗಳು ಟಿಕೆಟ್ ಇಲ್ಲದಾಕಿ ಹಂಗ ಕುಂದರೂದು ಬ್ಯಾಡ."

ಅಲ್ಲಿಯವರೆಗೆ ದುಡ್ಡು ತೆಗೆದುಕೊಂಡರೆ ನಾನು ಸಣ್ಣವಳಾಗುತ್ತೇನೆ ಎಂದುಕೊಂಡಿದ್ದೆ. ತೆಗೆದುಕೊಳ್ಳದೆ ಇದ್ದದ್ದರಿಂದ ಈ ಮಗು ಟಿಕೆಟ್ ಇಲ್ಲದವಳ ಹಾಗೆ ಮೆಟ್ಟಿಲ ಮೇಲೆ ಕೂರುವ ಹಾಗಾಯಿತಲ್ಲ ಅನ್ನಿಸಿತು. ಭಾನುವಾರ ಅವರಿಗೆ ವಾರದ ರಜೆ. ಅವತ್ತು ಕೂತು ತೀರ್ಮಾನ ಮಾಡೋಣ ಎಂದೆ.

ಭಾನುವಾರ ನಮ್ಮ ನಡುಮನೆಯಲ್ಲಿ ಸಭೆ ಸೇರಿತು. ಖಾಕಿ ಬಿಟ್ಟು ಹಸಿರು ಸೀರೆ ಉಟ್ಟು ಬಂದಿದ್ದ ಕಂಡಕ್ಟರ್‌ರನ್ನು ನನ್ನ ಮಗ ಗುರುತೇ ಹಿಡಿಯಲಿಲ್ಲ. ಅತ್ತೆ ಒಂದು ಮೂಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಗಂಡ ಫೋನಿನಲ್ಲಿ ಕ್ಯಾಲ್ಕುಲೇಟರ್ ತೆರೆದು ಸಿದ್ಧವಾಗಿದ್ದರು. ಮಕ್ಕಳು ಟೆರೇಸಿನ ಮೇಲೆ.

ಕಂಡಕ್ಟರ್ ಬರುವ ಮೊದಲೇ ವಿಚಾರಿಸಿಕೊಂಡು ಬಂದಿದ್ದರು. ಬಸವೇಶ್ವರನಗರದಲ್ಲಿ ಅವರ ಜೊತೆ ಕೆಲಸ ಮಾಡುವವರೊಬ್ಬರು ಮಗುವನ್ನು ಬಿಡುವ ಡೇಕೇರ್‌ನಲ್ಲಿ ಅರ್ಧ ದಿನಕ್ಕೆ ತಿಂಗಳಿಗೆ ಏಳು ಸಾವಿರವಂತೆ, ಊಟ ಬೇರೆ. ಅಲ್ಲಿ ಕೊಡುವುದನ್ನು ನಿಮಗೆ ಕೊಡುತ್ತೇನೆ ಎಂದರು. ನಾನು ಹೌಹಾರಿದೆ. ಎರಡು ಸಾವಿರ ಸಾಕು ಎಂದೆ. ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ವಿಜಯನಗರ ಮಾರ್ಕೆಟ್ಟಿನಲ್ಲಿ ಹತ್ತು ರೂಪಾಯಿ ಟೊಮೇಟೊಗೆ ಜಗಳ ಆಡುವ ನಾವಿಬ್ಬರು, ಕೊಳ್ಳುವವಳು ಏರಿಸುತ್ತಾ, ಮಾರುವವಳು ಇಳಿಸುತ್ತಾ ಚೌಕಾಸಿ ಮಾಡಿದೆವು.

ನನ್ನ ಗಂಡ ಮಧ್ಯೆ ಬಾಯಿ ಹಾಕಿದರು. ಅವರದು ಲೆಕ್ಕದ ತಲೆ. ಡೇಕೇರ್‌ಗೆ ಬಾಡಿಗೆ ಇದೆ, ಆಯಾಗಳ ಸಂಬಳ ಇದೆ. ನಮಗೆ ಅವು ಯಾವುವೂ ಇಲ್ಲ. ಮೇಲಾಗಿ ನಮ್ಮ ಮಗನನ್ನು ನೋಡಿಕೊಳ್ಳಲು ಇವಳು ಹೇಗೂ ಮನೆಯಲ್ಲೇ ಇರುತ್ತಾಳೆ. ಇನ್ನೊಂದು ಮಗು ಜೊತೆಗಿದ್ದರೆ ಹೆಚ್ಚಿನ ಕೆಲಸ ಏನು? ಹಾಲಿನ ಖರ್ಚು, ತಿಂಡಿಯ ಖರ್ಚು ಹಿಡಿದರೆ ನ್ಯಾಯವಾಗುತ್ತದೆ ಎಂದರು.

ಸೊಪ್ಪಿನಿಂದ ತಲೆ ಎತ್ತದೆ ಅತ್ತೆ ಮಾತಾಡಿದರು.

"ನೀನೂ ಹೇಗೂ ಅಂಗಡೀಲೇ ಕೂತಿರ್ತೀಯಲ್ಲ. ಪಕ್ಕದಂಗಡಿ ಲೆಕ್ಕನೂ ಪುಕ್ಕಟೆ ಬರ್ಕೊಡ್ತೀಯೇನೋ?"

ಗಂಡ ಫೋನು ಜೇಬಿಗೆ ಇಟ್ಟರು. ಅತ್ತೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ಇವಳ ಮೆಷಿನ್ ಮೇಲೆ ಧೂಳು ಕೂತಿದೆ, ಅದನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದರು. ನಾನು ಯಾರಿಗೂ ಹೇಳದೆ ಇದ್ದ ಮಾತು ಅದು. ಅತ್ತೆ ಟೀವಿ ನೋಡುತ್ತಾ ಕೂತಿರುತ್ತಾರೆ, ಅವರಿಗೇನು ಕಾಣುತ್ತದೆ ಎಂದುಕೊಂಡಿದ್ದೆ. ಹಿಂದೆ ಬಿದ್ದ ಬ್ಲೌಸುಗಳು, ಹೋದ ಗಿರಾಕಿಗಳು, ಎಲ್ಲ ಅವರಿಗೆ ಗೊತ್ತಿತ್ತು. ಕಂಡಕ್ಟರ್ ನನ್ನತ್ತ ತಿರುಗಿ, "ಇದನ್ನ ಮೊದಲ ಹೇಳಬೇಕಿಲ್ಲೇನ್ರಿ?" ಎಂದರು. ಆ ಮಾತಿನಲ್ಲಿ ಮಾತ್ರ ಸ್ವಲ್ಪ ಸಿಟ್ಟಿತ್ತು.

ಅಲ್ಲಿಂದ ಮುಂದೆ ಲೆಕ್ಕ ಸಲೀಸಾಯಿತು. ಯಾರಿಗೆ ಏನು ತಪ್ಪಿಹೋಗುತ್ತಿದೆ, ಯಾರ ಕೈಲಿ ಎಷ್ಟಾಗುತ್ತದೆ ಎಂದು ನೇರವಾಗಿ ಮಾತಾಡಿದೆವು. ಅವರು ತಮ್ಮ ಸಂಬಳ ಹೇಳಿದರು, ಮನೆ ಬಾಡಿಗೆ ಹೇಳಿದರು, ಊರಿಗೆ ಕಳಿಸುವುದನ್ನು ಹೇಳಿದರು. ನಾನು ಹೊಲಿಗೆಯಲ್ಲಿ ತಿಂಗಳಿಗೆ ಎಷ್ಟು ಬರುತ್ತಿತ್ತು ಎಂದು ಹೇಳಿದೆ. ಗಂಡನಿಗೂ ಅದು ಅವತ್ತೇ ಗೊತ್ತಾದದ್ದು. ಕೊನೆಗೆ ನಾಲ್ಕೂವರೆ ಸಾವಿರಕ್ಕೆ ನಿಂತಿತು. ಅವರಿಗೆ ಭಾರವಲ್ಲ, ನನಗೆ ಹಗುರವಲ್ಲ.

ಆಮೇಲೆ ಷರತ್ತುಗಳು. ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಕೊಂಡು ತಡವಾದರೆ ಅದಕ್ಕೆ ದುಡ್ಡಿಲ್ಲ. ಡಬಲ್ ಡ್ಯೂಟಿ ಮಾಡಿದರೆ ಅದಕ್ಕೆ ಬೇರೆ ಕೊಡಬೇಕು, ಯಾಕೆಂದರೆ ಅವರಿಗೂ ಬೇರೆ ಬರುತ್ತದೆ. ಮಗುವಿಗೆ ಜ್ವರ ಬಂದು ಬರದಿದ್ದರೆ ದುಡ್ಡು ಹಿಡಿಯುವುದಿಲ್ಲ. ನಾನು ಊರಿಗೆ ಹೋದರೆ ಹಿಡಿಯಬೇಕು ಎಂದು ನಾನು ಹಟ ಮಾಡಿದೆ, ವರ್ಷಕ್ಕೆ ಒಂದು ವಾರ ನಿಮಗೂ ಸಂಬಳದ ರಜೆ ಎಂದು ಅವರು ಹಟ ಮಾಡಿದರು. ಕೆಲಸಕ್ಕೆ ಸೇರಿದ ಮೇಲೆ ರಜೆ ಇರಬೇಡವೇ ಎಂದು ಕೇಳಿದರು. ಬೇಸಿಗೆ ರಜೆಯ ಮಾತು ಬೇಸಿಗೆಗೆ ನೋಡೋಣ ಎಂದಾಯಿತು. ಡಬ್ಬಿಗಳ ಬಗ್ಗೆ ಅತ್ತೆ ತೀರ್ಪು ಕೊಟ್ಟರು. ರೊಟ್ಟಿ ಬರುವುದು ನಿಲ್ಲಬಾರದು, ಸೀರೆ ಬೇಡ.

ತಿಂಗಳ ಕೊನೆಗೆ ಅವರು ದುಡ್ಡು ತಂದಾಗ ಮಗಳ ಕೈಯಲ್ಲೇ ಕೊಡಿಸಿದರು. ಕಂಡಕ್ಟರ್ ಕೈಯಿಂದ ಬಂದ ದುಡ್ಡಲ್ಲವೇ, ಒಂದು ನೋಟೂ ಹರಿದಿರಲಿಲ್ಲ, ಎಲ್ಲ ಒಂದೇ ಮುಖವಾಗಿ ಜೋಡಿಸಿದ್ದವು. ನಾನು ದೇವರ ಮುಂದೆ ಇಟ್ಟು ನಮಸ್ಕಾರ ಮಾಡಿದೆ. ಹೊಲಿಗೆಯ ದುಡ್ಡನ್ನು ಎಂದೂ ಹಾಗೆ ಇಟ್ಟವಳಲ್ಲ. ಯಾಕೆ ಇಟ್ಟೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಮರುದಿನ ಶಾಲೆ ಬಿಟ್ಟು ಬಂದ ಹುಡುಗಿ ಶೂ ಬಿಚ್ಚಿ ಮೂಲೆಗೆ ಎಸೆದು, ನೇರವಾಗಿ ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ಮೂರು ತಿಂಗಳಲ್ಲಿ ಅವಳು ಅದನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಒಳಗೆಲ್ಲ ನೋಡಿ, "ಆಂಟಿ, ಇವತ್ತೂ ಉಪ್ಪಿಟ್ಟ ಏನು?" ಎಂದು ಕೇಳಿದಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಉಪ್ಪಿಟ್ಟಿನ ಬಾಣಲೆ ಪಕ್ಕಕ್ಕಿಟ್ಟು ಅವಲಕ್ಕಿ ನೆನೆಸಿದೆ. ನನ್ನ ಮಗ ಇದನ್ನೆಲ್ಲ ನೋಡುತ್ತಾ ನಿಂತಿದ್ದವನು ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಗೆ ಬಂದು, ತಾನೂ ದುಡ್ಡು ಕೊಡಬೇಕಾ ಎಂದು ಮೆಲ್ಲಗೆ ವಿಚಾರಿಸಿದ.

"ಬೇಡ ಕಣೋ. ನೀನು ಪುಕ್ಕಟೆ," ಅಂದೆ.

ಆ ಮಾತನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೈಗುಳ ಎಂದುಕೊಳ್ಳಬೇಕೋ ತಿಳಿಯದೆ ಅವನು ಅಜ್ಜಿಯ ಹತ್ತಿರ ಕೇಳಲು ಹೋದ. ಕಂಡಕ್ಟರ್ ಕೆಲಸವನ್ನು ಇಬ್ಬರೂ ಸರದಿಯ ಮೇಲೆ ಮಾಡುವುದೆಂದು ಅವರವರೇ ಒಪ್ಪಿಕೊಂಡರು. ತಮ್ಮ ಸರದಿ ಯಾವಾಗ ಎಂದು ಅತ್ತೆ ಕೇಳಿದ್ದಕ್ಕೆ, ನೀವು ಪ್ಯಾಸೆಂಜರ್ ಎಂದರಂತೆ.

ದುಡ್ಡು ಬಂದ ಮೇಲೆ ನಮ್ಮಿಬ್ಬರ ನಡುವೆ ಏನೋ ಕಡಿಮೆಯಾಗುತ್ತದೆ ಎಂಬ ಹೆದರಿಕೆ ನನಗಿತ್ತು. ಆದದ್ದು ಬೇರೆ. ಮೊದಲು ಮಗಳನ್ನು ಕರೆದುಕೊಂಡು ಹೋಗಲು ಬಂದರೆ ಅವರು ಬಾಗಿಲ ಹೊರಗೇ ನಿಂತು, ತೊಂದರೆ ಆಯಿತೇನ್ರಿ ಎಂದು ಕೇಳಿ ಹೊರಟುಬಿಡುತ್ತಿದ್ದರು. ಈಗ ಒಳಗೆ ಬಂದು, ಕಾಲು ತೊಳೆದು, ಚಹಾ ಐತೇನ್ರಿ ಎಂದು ಕೇಳುವವರಾದರು. ನಾನೂ ಹಾಗೆಯೇ. ಇವತ್ತು ನಿಮ್ಮ ಮಗಳು ಬಲು ಹಟ ಮಾಡಿದಳು ಎಂದು ದೂರು ಹೇಳುವ ಧೈರ್ಯ ಬಂತು. ಹಾಗೆ ದೂರು ಹೇಳಿದ ದಿನ ಅವರು ನಕ್ಕು, ಅದಕ್ಕೇ ರೊಕ್ಕ ಕೊಡೂದ್ರಿ ಎಂದರು. ಆ ದುಡ್ಡಿನಲ್ಲಿ ನಾನು ಹಳೇ ಮೆಷಿನ್ನಿಗೆ ಮೋಟಾರು ಹಾಕಿಸಿದೆ. ಬೆಳಿಗ್ಗೆ ಮಕ್ಕಳು ಶಾಲೆಗೆ ಹೋದ ಮೇಲೆ ಕಾಲಲ್ಲಿ ತುಳಿಯದೆ ಬೇಗ ಬೇಗ ಹೊಲಿದೆ. ಹೋಗಿದ್ದ ಗಿರಾಕಿಗಳಲ್ಲಿ ಒಬ್ಬರು ವಾಪಸ್ ಬಂದರು. ಇನ್ನೊಬ್ಬರು ಬರಲಿಲ್ಲ, ಅವರಿಗೆ ಆ ಟೈಲರ್ ಹಾಕುವ ಕುತ್ತಿಗೆ ಡಿಸೈನ್ ಹಿಡಿಸಿತಂತೆ.

ಈ ವರ್ಷ ಜೂನಿನಲ್ಲಿ ಅವರಿಗೆ ಬೆಳಗಿನ ಶಿಫ್ಟ್ ಸಿಕ್ಕಿತು. ಇನ್ನೂ ಕತ್ತಲಿರುವಾಗಲೇ ಡಿಪೋಗೆ ಹೋಗಿ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಬಂದುಬಿಡುತ್ತಾರೆ. ಮಗಳನ್ನು ಇನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವರು ಹೇಳಿದಾಗ, ಒಳ್ಳೇದಾಯ್ತು ಎಂದು ನಾನು ಹೇಳಿದ್ದು ಬರೀ ಬಾಯಿಮಾತಿಗೆ. ಒಂದು ವಾರ ಮಧ್ಯಾಹ್ನ ಮನೆ ಬಿಕೋ ಎನ್ನುತ್ತಿತ್ತು. ಅತ್ತೆ ಟೀವಿಯ ಸದ್ದು ಜಾಸ್ತಿ ಮಾಡಿಕೊಂಡರು.

ಅದೇ ತಿಂಗಳು ರಾಜಾಜಿನಗರದ ಒಂದು ಸೀರೆ ಅಂಗಡಿಯವರು ಮಧ್ಯಾಹ್ನದ ಹೊತ್ತು ಬಂದು ಬ್ಲೌಸ್ ಕತ್ತರಿಸಿಕೊಡುತ್ತೀರಾ ಎಂದು ಕೇಳಿದರು. ಮಗನನ್ನು ಯಾರ ಹತ್ತಿರ ಬಿಡುವುದು? ಅತ್ತೆಯ ಮೊಣಕಾಲು ಈಗ ಅವನ ಹಿಂದೆ ಓಡುವಂತಿಲ್ಲ. ನಾನು ಕಂಡಕ್ಟರ್ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ರೊಟ್ಟಿ ತಟ್ಟುತ್ತಿದ್ದರು. ಕೈ ನಿಲ್ಲಿಸದೆ, "ಎಷ್ಟು ಕೊಡ್ತೀರಿ?" ಎಂದು ಕೇಳಿದರು. ಅಯ್ಯೋ ಬಿಡಿ ಎನ್ನಲಿಲ್ಲ, ಎರಡನೇ ಸಲ ಕೇಳಲಿ ಎಂದು ಕಾಯಲಿಲ್ಲ. ನಾನೂ ಅಲ್ಲೇ ಒಂದು ಮಣೆ ಎಳೆದುಕೊಂಡು ಕೂತೆ. ಅಂಗಡಿಯವರು ಏನು ಕೊಡುತ್ತಾರೆ ಎಂದು ಹೇಳಿದೆ. ಬೆಳಿಗ್ಗೆ ಬೇಗ ಎದ್ದ ಮೈ, ಮಧ್ಯಾಹ್ನ ಒಂದು ಗಳಿಗೆ ಮಲಗಬೇಕು ಅನ್ನಿಸುತ್ತದೆ, ಆ ನಿದ್ದೆ ಹೋಗುತ್ತದೆ ಎಂದು ಅವರು ಹೇಳಿದರು. ಎರಡು ರೊಟ್ಟಿ ಬೇಯುವಷ್ಟರಲ್ಲಿ ಮಾತು ಮುಗಿಯಿತು.

ಮೊದಲ ದಿನ ಕೆಲಸ ಮುಗಿಸಿ ಮೆಟ್ರೋ ಇಳಿದು ಮಗನನ್ನು ಕರೆದುಕೊಂಡು ಬರಲು ಹೋದೆ. ಅವನಿಗೆ ಬರುವ ಮನಸ್ಸಿರಲಿಲ್ಲ. ಒಲೆಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಕುದಿಯುತ್ತಿತ್ತು, ಅದು ಆಗುವವರೆಗೆ ಏಳುವುದಿಲ್ಲ ಎಂದು ಇಬ್ಬರೂ ತಟ್ಟೆ ಹಿಡಿದು ಕೂತಿದ್ದರು. ಕಂಡಕ್ಟರ್ ನನಗೂ ಒಂದು ತಟ್ಟೆ ಇಟ್ಟರು.